ರಾಜಮಾತೆ ಕೋಟೆ ಇಳಿಯಬೇಕಿದ್ದ ವಾರ

ಆಗೆಲ್ಲ ಒಂದು ವಾರಪತ್ರಿಕೆಯನ್ನು ನಾಲ್ಕು ಮನೆಯವರು ಓದುತ್ತಿದ್ದ ಕಾಲ. ತ್ಯಾಗರಾಜನಗರದ ನಮ್ಮ ವಠಾರದಲ್ಲಿ ಇದ್ದದ್ದೂ ನಾಲ್ಕೇ ಮನೆ. ಪೇಪರಿನವನು ಪತ್ರಿಕೆಯನ್ನು ಮೂಲೆಮನೆ ಜಯಮ್ಮನವರ ಬಾಗಿಲಿಗೆ ಎಸೆಯುತ್ತಿದ್ದ, ಹಾಗಾಗಿ ಮೊದಲ ಓದು ಅವರದು. ಮರುದಿನ ನಮ್ಮ ಮನೆಗೆ ಬರುತ್ತಿತ್ತು, ಆಮೇಲೆ ಇನ್ನೆರಡು ಮನೆ ಸುತ್ತಿ ಕೊನೆಗೆ ನಮ್ಮಲ್ಲಿಗೇ ವಾಪಸು. ಅಷ್ಟರಲ್ಲಿ ಪದಬಂಧವನ್ನು ಯಾರೋ ತಪ್ಪುತಪ್ಪಾಗಿ ತುಂಬಿರುತ್ತಿದ್ದರು, ಅಡುಗೆಯ ಪುಟಕ್ಕೆ ಎಣ್ಣೆ ಹತ್ತಿರುತ್ತಿತ್ತು. ಧಾರಾವಾಹಿಯ ಪುಟಗಳನ್ನು ಮಾತ್ರ ಯಾರೂ ಕೊಳೆ ಮಾಡುತ್ತಿರಲಿಲ್ಲ. ಅವನ್ನು ಪಿನ್ನು ಬಿಚ್ಚಿ ಎತ್ತಿಟ್ಟು, ಕಥೆ ಮುಗಿದ ಮೇಲೆ ರಟ್ಟು ಹಾಕಿಸಿ ಬೈಂಡು ಮಾಡಿಸುವುದು ನಮ್ಮ ವಿಜಿ ಅತ್ತೆಯ ಕೆಲಸ ಎಂದು ನಾಲ್ಕು ಮನೆಗೂ ಗೊತ್ತಿತ್ತು.

ವಿಜಿ ಅತ್ತೆ ಅಪ್ಪನ ತಂಗಿ. ಇಪ್ಪತ್ತಾರು ವರ್ಷ, ಜಯನಗರದ ಒಂದು ಕಚೇರಿಯಲ್ಲಿ ಟೈಪಿಸ್ಟು. ಮದುವೆಯಾಗಿರಲಿಲ್ಲ. ನೋಡಲು ಬಂದ ಗಂಡುಗಳಿಗೆಲ್ಲ ಅವಳೇ ಏನಾದರೊಂದು ಕೊಂಕು ತೆಗೆದು ಬೇಡ ಅನ್ನುತ್ತಿದ್ದಳು. ಒಬ್ಬನ ಕಿವಿ ದೊಡ್ಡದು, ಇನ್ನೊಬ್ಬನ ಊರು ದೂರ. ಅಜ್ಜಿಗೆ ಅದೇ ಕೊರಗು. "ಇವಳಿಗೆ ರಾಜಕುಮಾರನೇ ಬರಬೇಕೇನೋ" ಎಂದು ಸೊಪ್ಪು ಬಿಡಿಸುತ್ತಾ ಗೊಣಗುತ್ತಿದ್ದಳು.

ರಾಜಕುಮಾರ ಬಂದದ್ದೂ ಹೌದು, ಆದರೆ ಪತ್ರಿಕೆಯಲ್ಲಿ. ನಾನು ಏಳನೇ ಕ್ಲಾಸಿನ ಪರೀಕ್ಷೆ ಬರೆದು ಕೂತಿದ್ದ ಬೇಸಿಗೆ ಅದು. ಹೊಸ ಧಾರಾವಾಹಿಯಲ್ಲಿ ಮೇಲುದುರ್ಗದ ಯುವರಾಜ ಕೇಸರಿದೇವ, ಕೆರೆಕೋಟೆಯ ರಾಜಕುಮಾರಿ ಹೊನ್ನಲೆ. ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ. ಎರಡು ಮನೆತನಗಳಿಗೂ ಮೂರು ತಲೆಮಾರಿನ ಹಗೆ. ಇವರು ಮಾತ್ರ ಹೊಳೆಯ ಆಚೆ ದಡ ಒಬ್ಬರು ಈಚೆ ದಡ ಒಬ್ಬರು ನಿಂತು ಪ್ರೀತಿಸಿಬಿಟ್ಟಿದ್ದರು. ಕೇಸರಿದೇವನ ತಂದೆ ಅಷ್ಟೇನೂ ಗಟ್ಟಿಯಲ್ಲ, ದುರ್ಗವನ್ನು ನಡೆಸುತ್ತಿದ್ದವಳು ಅವನ ಅಜ್ಜಿ, ರಾಜಮಾತೆ. ಕೆರೆಕೋಟೆಯವರ ನೆರಳೂ ತನ್ನ ಬಾಗಿಲಿಗೆ ಬೀಳಕೂಡದು ಎಂದು ಆಣೆ ಇಟ್ಟವಳು. ಚಿತ್ರದಲ್ಲಿ ಆಕೆಗೆ ಒಂದು ದೊಡ್ಡ ಮೂಗುತಿ, ಗೆರೆ ಎಳೆದ ಹಾಗೆ ತುಟಿ.

ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೇಸಿಗೆ ಕಳೆಯಲಿ ಎಂದು ಆಪರೇಷನ್ನನ್ನು ಮುಂದೂಡಿದ್ದರು. ಮುಖಗಳು ಕಾಣುತ್ತಿದ್ದವು, ಅಕ್ಷರ ಕಾಣುತ್ತಿರಲಿಲ್ಲ. ಹಾಗಾಗಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮಹಡಿಯ ಮೇಲೆ ಹಳೇ ಪಂಚೆ ಹಾಸಿ ಅಮ್ಮ ಸಂಡಿಗೆ ಇಟ್ಟಿರುತ್ತಿದ್ದಳು. ಕಾಗೆ ಬೆದರಲಿ ಎಂದು ಪಂಚೆಯ ನಡುವೆ ಒಂದು ಕರೀ ಕೊಡೆ. ನೀರಿನ ಟ್ಯಾಂಕಿನ ನೆರಳಲ್ಲಿ ಅಜ್ಜಿ ಒಂದು ಕೋಲು ಹಿಡಿದು ಕೂರುತ್ತಿದ್ದಳು, ಪಕ್ಕದಲ್ಲಿ ನಾನು ಪತ್ರಿಕೆ ಹಿಡಿದು. ಬೂದುಗುಂಬಳಕಾಯಿ, ಹಸಿಮೆಣಸಿನಕಾಯಿ, ಇಂಗು, ಕಾದ ಸಿಮೆಂಟು, ಇಷ್ಟೂ ಸೇರಿದ ಒಂದು ವಾಸನೆ ಇತ್ತು. ಮೂರು ಗಂಟೆಯ ಹೊತ್ತಿಗೆ ಸಂಡಿಗೆ ಮೇಲೆ ಗರಿಗರಿಯಾಗಿ ಒಳಗೆ ಇನ್ನೂ ಮೆತ್ತಗಿರುತ್ತಿತ್ತು. ಹಸಿಸಂಡಿಗೆ ಕದ್ದು ತಿಂದವರಿಗೇ ಅದರ ರುಚಿ ಗೊತ್ತು. ಅಜ್ಜಿ ಕೋಲು ಹಿಡಿದಿದ್ದದ್ದು ಕಾಗೆಗೆ ಎಷ್ಟೋ, ನನಗೂ ಅಷ್ಟೇ.

ನಾನು ಚೆನ್ನಾಗಿ ಓದುತ್ತಿದ್ದೆ. ರಾಜಮಾತೆಗೆ ಒಂದು ದನಿ, ಹೊನ್ನಲೆಗೆ ಒಂದು ದನಿ. ಹೊನ್ನಲೆ ಹೊಳೆಯ ದಡದಲ್ಲಿ ಕಾದು ಕಾದು ವಾಪಸು ಹೋಗುವ ಕಂತನ್ನು ಓದಿದ ದಿನ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಂಥಾ ಕಲ್ಲೆದೆ ಹೆಂಗಸು ಆ ಮುದುಕಿ" ಎಂದಳು. "ಮಕ್ಕಳ ಹೊಟ್ಟೆ ಉರಿಸಿ ಯಾವ ಸ್ವರ್ಗಕ್ಕೆ ಹೋಗ್ತಾಳಂತೆ?"

ಆ ಸಂಜೆ ಇದನ್ನು ನಾನು ಅತ್ತೆಗೆ ನಟಿಸಿ ತೋರಿಸಿದೆ. ಅವಳು ನಗಲಿಲ್ಲ. "ನಿಜವಾಗ್ಲೂ ಹಾಗಂದ್ಳಾ ಅಮ್ಮ? ಅಳ್ತಿದ್ಳಾ?" ಎಂದು ಎರಡು ಸಲ ಕೇಳಿದಳು.

ಅವಳು ಯಾಕೆ ಎರಡು ಸಲ ಕೇಳಿದಳು ಎಂದು ಆ ಶನಿವಾರ ಗೊತ್ತಾಯಿತು. ಗಾಂಧಿಬಜಾರಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ಸ್ಟೀಲ್ ಪಾತ್ರೆಯ ಅಂಗಡಿ ಇತ್ತು. ದಾವಣಗೆರೆ ಕಡೆಯ ಲಿಂಗಾಯತರದು. ಅಂಗಡಿಯ ಮಗ ಚನ್ನಬಸವ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸದಾ ಆ ಗುರ್ ಅನ್ನುವ ಮಿಷನ್ನು. ಪಾತ್ರೆ ಕೊಂಡವರ ಹೆಸರನ್ನು ಅದರ ಮೇಲೆ ಕೆತ್ತಿ ಕೊಡುವುದು ಅವನ ಕೆಲಸ. ಊರಿನ ಅರ್ಧ ಗೃಹಪ್ರವೇಶಗಳು, ಮುಂಜಿಗಳು ಅವನ ಅಕ್ಷರದಲ್ಲೇ ಇದ್ದವು. ಅತ್ತೆ ನನ್ನನ್ನು ಕರೆದುಕೊಂಡು ಹೋಗಿ ಒಂದು ಲೋಟ ಕೊಡಿಸಿದಳು. ಅವನು ನನ್ನ ಹೆಸರು ಕೇಳಿ ಲೋಟದ ಅಂಚಿಗೆ ಕೆತ್ತಿದ. ಆಮೇಲೆ ಅದೇ ತರಹದ ಇನ್ನೊಂದು ಲೋಟ ತೆಗೆದು, ಯಾರನ್ನೂ ಏನೂ ಕೇಳದೆ, ತಳದಲ್ಲಿ ಚಿಕ್ಕದಾಗಿ 'ವಿಜಯ' ಎಂದು ಬರೆದ. ಅತ್ತೆ ಅದನ್ನು ನೋಡುತ್ತಾ ನಿಂತಿದ್ದ ರೀತಿಯನ್ನು ಏಳನೇ ಕ್ಲಾಸಿನ ಹುಡುಗಿಯೂ ಅರ್ಥ ಮಾಡಿಕೊಳ್ಳಬಹುದಿತ್ತು.

ವಾಪಸು ಬರುವಾಗ ಅತ್ತೆ ಎಲ್ಲ ಹೇಳಿದಳು. ಎರಡು ವರ್ಷದಿಂದ ಹೀಗೆ. ಅವಳ ಕಚೇರಿಯ ಗೆಳತಿ, ಗಿರಿನಗರದ ಮೀರಾ, ಅವಳೊಬ್ಬಳಿಗೆ ಗೊತ್ತು. ಈಗ ನನಗೆ.

"ಅಜ್ಜಿ ಒಪ್ಪಲ್ವಾ?" ಎಂದೆ.

"ಒಪ್ಪಿಸ್ಬೇಕು. ನೀನು ಸ್ವಲ್ಪ ಸಹಾಯ ಮಾಡ್ತೀಯಾ?"

ಮುಂದಿನ ವಾರದ ಪತ್ರಿಕೆಯನ್ನು ಅತ್ತೆ ನನ್ನ ಕೈಗೆ ಕೊಟ್ಟಾಗ ಅದರೊಳಗೆ ಗೆರೆ ಹಾಕಿದ ಒಂದು ಹಾಳೆ ಇತ್ತು, ಅವಳ ದುಂಡು ಅಕ್ಷರ. ಪತ್ರಿಕೆಯಲ್ಲಿ ರಾಜಮಾತೆ ಯುವರಾಜನನ್ನು ಕೋಣೆಯಲ್ಲಿ ಕೂಡಿಹಾಕಿಸಿದ್ದಳು. ಅತ್ತೆಯ ಹಾಳೆಯಲ್ಲಿ ಅದೇ ರಾಜಮಾತೆ ಆ ರಾತ್ರಿ ನಿದ್ದೆ ಬರದೆ ಎದ್ದು, ತಾನು ಮದುವೆಯಾಗಿ ಬಂದ ದಿನ ಈ ಕೋಟೆಯಲ್ಲಿ ತನ್ನನ್ನು ಯಾರೂ ಮಾತಾಡಿಸಿರಲಿಲ್ಲ ಎಂದು ನೆನೆಸಿಕೊಳ್ಳುತ್ತಾಳೆ. ನಾನು ಅದನ್ನು ಪುಟದ ನಡುವೆ ಇಟ್ಟುಕೊಂಡು ಎಲ್ಲೂ ತಡವರಿಸದೆ ಓದಿದೆ. ಅಜ್ಜಿ ಕೋಲು ಆಡಿಸುವುದನ್ನು ನಿಲ್ಲಿಸಿ ಕೇಳಿದಳು.

ಅಲ್ಲಿಂದ ಮುಂದೆ ಎರಡು ಕಥೆಗಳಾದವು. ಪತ್ರಿಕೆಯಲ್ಲಿ ವಾರದಿಂದ ವಾರಕ್ಕೆ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ನಮ್ಮ ಮಹಡಿಯಲ್ಲಿ ಒಂದೊಂದಾಗಿ ತೆರೆಯುತ್ತಿದ್ದವು. ಮೊದಲು ಒಂದು ಹಾಳೆ, ಆಮೇಲೆ ಎರಡು, ಆಮೇಲೆ ಪತ್ರಿಕೆಯಿಂದ ಓದಲು ಏನೂ ಉಳಿಯಲಿಲ್ಲ, ಪೂರ್ತಿ ಅತ್ತೆಯದೇ. ಅವಳು ಕಚೇರಿಯ ಊಟದ ಹೊತ್ತಿನಲ್ಲಿ ಬರೆಯುತ್ತಿದ್ದಳಂತೆ, ಡಬ್ಬಿಯ ಚಿತ್ರಾನ್ನವನ್ನು ಮೀರಾಗೆ ಕೊಟ್ಟು. ನಿಜ ಹೇಳುತ್ತೇನೆ, ಅವಳ ಕಥೆಯೇ ಚೆನ್ನಾಗಿತ್ತು. ಪತ್ರಿಕೆಯ ರಾಜಮಾತೆ ಬರೀ ಕೆಟ್ಟವಳು. ಅತ್ತೆಯ ರಾಜಮಾತೆ ಒಂದು ಸಲ ಹೊನ್ನಲೆಯ ಮುರಿದ ಬಳೆಯನ್ನು ಕಂಡು, ಅದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ. ನಾನೂ ಅಜ್ಜಿಯೂ ಆ ವಾರ ಒಟ್ಟಿಗೆ ಅತ್ತೆವು, ಅಷ್ಟರಲ್ಲಿ ಕಾಗೆ ಎಂಟು ಸಂಡಿಗೆ ಎತ್ತಿಕೊಂಡು ಹೋಗಿತ್ತು.

ಯೋಜನೆ ಹೀಗಿತ್ತು. ಇನ್ನು ಎರಡು ವಾರಕ್ಕೆ ರಾಜಮಾತೆ ತಾನೇ ಕೋಟೆ ಇಳಿದು ಹೋಗಿ ಹೊನ್ನಲೆಯ ಕೈ ಹಿಡಿದು ಕರೆತರಬೇಕು. ಅಷ್ಟರಲ್ಲಿ ಚನ್ನಬಸವ ತನ್ನ ತಾಯಿಯನ್ನು ಒಪ್ಪಿಸಿರಬೇಕು. ಅಜ್ಜಿಯ ಮನಸ್ಸು ಕರಗಿರುವ ಆ ವಾರವೇ ಅತ್ತೆ ಎಲ್ಲವನ್ನೂ ಹೇಳಿ, ಮರುದಿನ ಅವನನ್ನೂ ಅವನ ತಾಯಿಯನ್ನೂ ಮನೆಗೆ ಕರೆಸಬೇಕು. ಇಪ್ಪತ್ತಾರು ವರ್ಷದ, ಕೆಲಸಕ್ಕೆ ಹೋಗುವ ಹೆಂಗಸು ಇಂಥದ್ದನ್ನು ನಂಬಿದಳು ಎಂದರೆ ಈಗ ನಗು ಬರಬೇಕು, ಬರುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಅಷ್ಟಿಷ್ಟು ಕಥೆ ಓದಿ ಬೆಳೆದವರು. ಕಥೆಗೆ ಅಳುವವರು ಒಳ್ಳೆಯವರು ಎಂದೇ ನಮ್ಮ ನಂಬಿಕೆ.

"ಅಲ್ಲಿವರೆಗೆ ನಿನ್ ಬಾಯಿಗೆ ಬೀಗ, ಗೊತ್ತಾಯ್ತಾ?" ಎಂದು ಅತ್ತೆ ನನ್ನ ತುಟಿಯ ಮೇಲೆ ಬೆರಳಿಟ್ಟು ತಿರುಗಿಸಿದ್ದಳು.

ಆ ಗುರುವಾರ ಓದಿದ್ದು ಅತ್ತೆಯ ಕಥೆಯ ಕೊನೆಯ ಕಂತಿಗೆ ಹಿಂದಿನದು. ಹೊನ್ನಲೆ ಕೋಟೆಯ ಬಾಗಿಲ ಹೊರಗೆ ಬಿಸಿಲಲ್ಲಿ ನಿಂತಿದ್ದಾಳೆ, ರಾಜಮಾತೆ ಮೇಲಿನ ಕಿಂಡಿಯಿಂದ ನೋಡುತ್ತಿದ್ದಾಳೆ. ಅಲ್ಲಿಗೆ ನಿಲ್ಲಿಸಿದೆ. ಅಜ್ಜಿ ಮೂಗು ಒರೆಸಿಕೊಂಡಳು.

"ನಾನಾಗಿದ್ರೆ ಇಷ್ಟು ದಿನ ಕಾಯಿಸ್ತಿರ್ಲಿಲ್ಲಮ್ಮ. ಮೊದಲನೇ ದಿನವೇ ಆರತಿ ಎತ್ತಿ ಒಳಗೆ ಕರೀತಿದ್ದೆ. ಮಕ್ಕಳಿಗಿಂತ ಹೆಚ್ಚಾ ಕೋಟೆ?"

ನನಗೆ ಹನ್ನೆರಡು ವರ್ಷ. ಇಷ್ಟು ಹೇಳಿದ ಮೇಲೆ ಇನ್ನು ಒಂದು ವಾರ ಯಾಕೆ ಕಾಯಬೇಕು? ಈ ಒಳ್ಳೇ ಸುದ್ದಿಯನ್ನು ಅತ್ತೆಗೆ ನಾನೇ ತಂದುಕೊಡಬೇಕು ಎಂಬ ಆಸೆ.

"ಹಂಗಾದ್ರೆ ಅಜ್ಜಿ, ಚನ್ನಣ್ಣನಿಗೂ ಆರತಿ ಎತ್ತುತ್ತೀಯಾ?"

ಅಜ್ಜಿ ನನ್ನ ಕಡೆ ತಿರುಗಿದಳು. ಪೊರೆ ಬಂದ ಕಣ್ಣು ಬಿಸಿಲಲ್ಲಿ ನೀಲಿಯಾಗಿ ಕಾಣುತ್ತಿತ್ತು. "ಯಾವ ಚನ್ನಣ್ಣ ಪುಟ್ಟಿ?"

"ಪಾತ್ರೆ ಅಂಗಡಿಯವರು."

ಅಜ್ಜಿ ಕೈ ಚಾಚಿ, ಪಂಚೆಯ ಮೇಲಿಂದ ಒಂದು ಹಸಿಸಂಡಿಗೆ ಕಿತ್ತು ನನ್ನ ಕೈಗಿಟ್ಟಳು. ಅವಳಾಗಿ ಕೊಟ್ಟದ್ದು ಅದೇ ಮೊದಲು. "ಹೇಳು, ಏನಂತೆ ಅವನದು?" ನಾನು ತಿನ್ನುತ್ತಾ ಹೇಳಿದೆ. ಮುಗಿದೊಡನೆ ಇನ್ನೊಂದು ಕೊಟ್ಟಳು. "ಎಷ್ಟು ದಿನದಿಂದ? ಎಲ್ಲಿ ಸಿಗ್ತಾರೆ? ಅವರ ಮನೆಯವರಿಗೆ ಗೊತ್ತಾ?" ಪ್ರಶ್ನೆಗೊಂದು ಸಂಡಿಗೆ. ನಾಲ್ಕೋ ಐದೋ ತಿಂದೆ. ಎಲ್ಲ ಹೇಳಿ ಮುಗಿಸಿದ ಮೇಲೆ ಅವಳು ನನ್ನ ಬಾಯಿಯನ್ನು ತನ್ನ ಸೆರಗಿನಿಂದಲೇ ಒರೆಸಿದಳು.

"ಜಾಣೆ. ನೀನು ಹೇಳಿದೆ ಅಂತ ಯಾರಿಗೂ ಹೇಳ್ಬೇಡ. ನಾನು ನೋಡ್ಕೋತೀನಿ."

ನಾನು ಕೆಳಗೆ ಇಳಿದು ಬಂದು ವಠಾರದ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡಿದೆ. ಅಷ್ಟು ಖುಷಿಯಾಗಿ ಆಮೇಲೆ ಎಂದೂ ಆಡಲಿಲ್ಲ.

ಶುಕ್ರವಾರ ಏನೂ ಆಗಲಿಲ್ಲ. ಶನಿವಾರ ಬೆಳಿಗ್ಗೆ ಮೈಸೂರಿನಿಂದ ದೊಡ್ಡಪ್ಪ ಬಂದರು. ಅತ್ತೆಗೆ ಕಚೇರಿಗೆ ಹೋಗಬೇಡ ಎಂದರು. ನಾನು ಹೊರಗಿನ ಕೋಣೆಯಲ್ಲಿ ಕವಡೆ ಹಾಕಿಕೊಂಡು ಒಬ್ಬಳೇ ಚೌಕಾಬಾರ ಆಡುತ್ತಿದ್ದೆ. ನಡುಮನೆಯ ಮಾತು ಪೂರ್ತಿ ಕೇಳಿಸುತ್ತಿತ್ತು. ಯಾರೂ ಕೂಗಾಡಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡ ಕೆಲಸಗಳನ್ನೆಲ್ಲ ಮೆಲ್ಲಗೇ ಮಾಡುತ್ತಿದ್ದರು.

"ಅಮ್ಮ, ಆ ಹೊನ್ನಲೆಗೋಸ್ಕರ ವಾರಗಟ್ಟಲೆ ಕಣ್ಣೀರು ಹಾಕಿದ್ಯಲ್ಲ" ಅತ್ತೆಯ ದನಿ. "ನಾನು ನಿನ್ನ ಮಗಳು."

"ಹೊನ್ನಲೆ ನಮ್ಮನೆ ಹೊಸಿಲಿಗೆ ಬರಲ್ಲ. ಅದಕ್ಕೇ ಅಳಕ್ಕಾಯ್ತು" ಎಂದಳು ಅಜ್ಜಿ. "ಆ ಹಾಳೆಗಳನ್ನ ನೀನು ಬರೀತಿದ್ದೆ ಅಂತ ನಂಗೆ ಮೊದಲ ವಾರವೇ ಗೊತ್ತಾಯ್ತು. ಜಯಮ್ಮ ಬುಧವಾರವೇ ಬಂದು ಅಸಲು ಕಥೆ ಹೇಳಿ ಹೋಗ್ತಾರೆ. ಗುರುವಾರ ಪುಟ್ಟಿ ಬೇರೇನೋ ಓದ್ತಾಳೆ. ಏನೋ ಹುಡುಗಾಟ ಅಂದ್ಕೊಂಡೆ."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

"ನಿನ್ ಕಥೆ ಚೆನ್ನಾಗಿತ್ತು."

ಅದಾದ ಮೇಲೆ ಅಜ್ಜಿ ಊಟ ಬಿಟ್ಟಳು. ಎರಡು ದಿನ ಬರೀ ಮಜ್ಜಿಗೆ ನೀರು. ಅತ್ತೆ ತಟ್ಟೆ ಹಿಡಿದು ಹೋಗಿ ಅವಳ ಮಂಚದ ಪಕ್ಕ ಕೂತು, ತಟ್ಟೆ ಹಿಡಿದೇ ಎದ್ದು ಬಂದಳು. ಸೋಮವಾರ ಚನ್ನಬಸವ ನಮ್ಮ ಗೇಟಿನ ಹತ್ತಿರ ಬಂದು ನಿಂತ, ಅತ್ತೆ ಶನಿವಾರವೂ ಅಂದೂ ಕಚೇರಿಗೆ ಬಂದಿಲ್ಲವೆಂದು ತಿಳಿದು ಬಂದಿರಬೇಕು. ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿದ್ದ. ಅಪ್ಪ ಹೊರಗೆ ಹೋಗಿ ಬಹಳ ಮರ್ಯಾದೆಯಿಂದ, "ನಮಗೇನೂ ಪಾತ್ರೆ ಬೇಕಾಗಿಲ್ಲ ಸಾರ್" ಎಂದು ಚಿಲಕ ಹಾಕಿಕೊಂಡು ಬಂದ. ಜೀವನದಲ್ಲಿ ಒಬ್ಬರಿಗೂ ಗದರದ ನಮ್ಮಪ್ಪ.

ಆ ಮಧ್ಯಾಹ್ನ ಅತ್ತೆ ನನ್ನನ್ನು ಬಚ್ಚಲುಮನೆಯ ಹಿಂದೆ ಕರೆದಳು. ಕಣ್ಣು ಊದಿಕೊಂಡಿತ್ತು.

"ಪುಟ್ಟಿ, ನೀನೇನಾದ್ರೂ ಅಂದ್ಯಾ ಅಜ್ಜಿ ಹತ್ರ?"

"ಇಲ್ಲ ಅತ್ತೆ."

"ದೇವ್ರಾಣೆ?"

"ದೇವ್ರಾಣೆ."

ಅವಳು ನನ್ನ ತಲೆ ಸವರಿದಳು. ಒಂದಿಷ್ಟೂ ಅನುಮಾನಿಸಲಿಲ್ಲ. "ಹಾಗಿದ್ರೆ ಮೀರಾನೇ. ಮೊನ್ನೆ ಸೀರೆ ವಾಪಸ್ ಕೊಡಕ್ಕೆ ಬಂದಾಗ ಅಮ್ಮನ ಹತ್ರ ಅರ್ಧ ಗಂಟೆ ಕೂತಿದ್ಲು" ಎಂದು ತನಗೆ ತಾನೇ ಹೇಳಿಕೊಂಡಳು.

ಮೀರಾ ಮುಂದಿನ ಭಾನುವಾರ ಬಂದಳು. ಅತ್ತೆ ನನ್ನನ್ನೇ ಬಾಗಿಲಿಗೆ ಕಳಿಸಿ ಮನೆಯಲ್ಲಿಲ್ಲ ಎಂದು ಹೇಳಿಸಿದಳು. ಮೀರಾಗೆ ಗೊತ್ತಾಯಿತು. ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು, "ಅವಳಿಗೆ ಇಷ್ಟು ಹೇಳು ಪುಟ್ಟಿ. ನಾಡಿದ್ದು ಮಂಗಳವಾರ ರಾಹುಕಾಲದಲ್ಲಿ ಬನಶಂಕರಿ ದೇವಸ್ಥಾನದ ಮುಂದೆ, ಹೂವಿನ ಅಂಗಡಿ ಹತ್ರ ಅವನು ಕಾಯ್ತಾನೆ. ಅವರಮ್ಮ ಒಪ್ಪಿದಾರೆ. ಒಂದ್ಸಲ ಬಂದ್ರೆ ಸಾಕು, ಮುಂದಿಂದೆಲ್ಲ ನಾವು ನೋಡ್ಕೋತೀವಿ."

ನಾನು ಅಕ್ಷರ ಬಿಡದೆ ಒಪ್ಪಿಸಿದೆ. ಅತ್ತೆಯ ಮುಖ ಒಂದು ಕ್ಷಣ ಬೆಳಗಿತು. ಅಷ್ಟರಲ್ಲೇ ಅಡುಗೆಮನೆಯಿಂದ ಅಜ್ಜಿ ಕೂಗಿದಳು, "ವಿಜೀ, ಮಂಗಳವಾರ ರಾಹುಕಾಲಕ್ಕೆ ಬನಶಂಕರಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಾ. ಬರೋ ವಾರ ಗಂಡಿನ ಕಡೆಯವರು ಬರ್ತಾರೆ, ಒಳ್ಳೇದಾಗ್ಲಿ."

ಇದರಲ್ಲಿ ಯಾವ ಸಂಚೂ ಇರಲಿಲ್ಲ. ಬೆಂಗಳೂರಿನ ಈ ಭಾಗದಲ್ಲಿ ಮದುವೆಯಾಗದ ಹುಡುಗಿಯರಿಗೆ ಎಲ್ಲ ತಾಯಂದಿರೂ ಹೇಳುವ ಮಾತೇ ಅದು. ನಿಂಬೆಹಣ್ಣು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆ ಮಗುಚಿ, ಬತ್ತಿಯಿಟ್ಟು ಹಚ್ಚುವುದು. ಅದಕ್ಕೇ ಮೀರಾ ಮಂಗಳವಾರವನ್ನು ಆರಿಸಿದ್ದಳು, ಮನೆಯವರೇ ಕಳಿಸುವ ದಿನ ಎಂದು. ಆದರೆ ಅತ್ತೆಗೆ ಎರಡೂ ಮಾತು ಒಟ್ಟಿಗೆ ಕಿವಿಗೆ ಬಿದ್ದವು. ಬೆಳಗಿದ ಮುಖ ಹಾಗೇ ಆರಿತು.

"ನೋಡಿದ್ಯಾ. ಅಮ್ಮ ಮೀರಾ ಇಬ್ರೂ ಸೇರ್ಕೊಂಡಿದಾರೆ. ನಾನು ಹೋಗ್ತೀನಾ ಇಲ್ವಾ ಅಂತ ಪರೀಕ್ಷೆ ಮಾಡ್ತಿದಾರೆ. ಹೋದ್ರೆ ಅಣ್ಣ, ದೊಡ್ಡಣ್ಣ ಇಬ್ರೂ ಅಲ್ಲಿರ್ತಾರೆ. ಅವನನ್ನ ಜನಗಳ ಎದುರಿಗೆ..." ಎಂದು ನಿಲ್ಲಿಸಿದಳು.

ಆಗ ನಾನು ಬಾಯಿ ಬಿಡಬೇಕಿತ್ತು. ಮೀರಾ ಅಲ್ಲ ಅತ್ತೆ, ನಾನು. ಅಷ್ಟೇ ಮಾತು. ಅಷ್ಟು ಹೇಳಿದ್ದರೆ ಮೀರಾಳ ಮಾತು ನಿಜವಾಗುತ್ತಿತ್ತು, ಮಂಗಳವಾರ ನಿಜವಾಗುತ್ತಿತ್ತು. ಆದರೆ ದೇವರಾಣೆ ಹಾಕಿಯಾಗಿತ್ತು. ಅತ್ತೆ ನನ್ನನ್ನು ಇನ್ನು ಯಾವತ್ತೂ ಲೋಟ ಕೊಡಿಸಲು ಕರೆದುಕೊಂಡು ಹೋಗುವುದಿಲ್ಲ ಎಂದು ಹೆದರಿದೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಮಂಗಳವಾರ ಅತ್ತೆ ತಲೆನೋವೆಂದು ಮಲಗಿದಳು. ಕೊಯ್ದು ಹಿಂಡಿದ್ದ ನಿಂಬೆಹಣ್ಣು ಹಾಳಾಗಬಾರದು ಎಂದು ಅಮ್ಮ ಅವಳ ಪರವಾಗಿ ಹೊರಟಳು, ನಾನೂ ಜೊತೆಗೆ. ದೇವಸ್ಥಾನದ ಮುಂದೆ ಹೆಂಗಸರ ದೊಡ್ಡ ಸಾಲು. ಅಮ್ಮ ಸಾಲಿಗೆ ಹೋದಳು, ನನ್ನನ್ನು ಚಪ್ಪಲಿ ಕಾಯಲು ಹೂವಿನ ಅಂಗಡಿಯ ಪಕ್ಕ ನಿಲ್ಲಿಸಿದಳು. ಅವನು ಅಲ್ಲೇ ಇದ್ದ. ಅದೇ ಬಿಳೀ ಅಂಗಿ. ನನ್ನನ್ನು ಕಂಡು ಬೇಗ ಬೇಗ ಬಂದ, ಬರುತ್ತಾ ನನ್ನ ಹಿಂದೆ ಯಾರಿದ್ದಾರೆ ಎಂದು ನೋಡುತ್ತಿದ್ದ.

"ಅತ್ತೆ ಒಳಗೆ ಹೋದ್ರಾ ಪುಟ್ಟಿ?"

"ಬಂದಿಲ್ಲ. ತಲೆನೋವು."

ಅವನು ಇನ್ನೊಮ್ಮೆ ರಸ್ತೆಯ ಎರಡೂ ಕಡೆ ನೋಡಿದ. ಸುತ್ತ ಹೆಂಗಸರು ಮಲ್ಲಿಗೆಗೆ ಚೌಕಾಸಿ ಮಾಡುತ್ತಿದ್ದರು. ಅಪ್ಪನೂ ಇರಲಿಲ್ಲ, ದೊಡ್ಡಪ್ಪನೂ ಇರಲಿಲ್ಲ. "ಪರವಾಗಿಲ್ಲ" ಎಂದ ಕೊನೆಗೆ. "ನಾನು ಬಂದಿದ್ದೆ ಅಂತ ಹೇಳಮ್ಮ. ಮುಂದಿನ ಮಂಗಳವಾರನೂ ಬರ್ತೀನಿ, ಇದೇ ಜಾಗ. ಹೇಳ್ತೀಯಲ್ಲ?"

ಹೇಳ್ತೀನಿ ಎಂದು ತಲೆಯಾಡಿಸಿದೆ.

ಮನೆಗೆ ಬಂದಾಗ ಅತ್ತೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಅಮ್ಮ ಕುಂಕುಮ ಇಟ್ಟು ಹೋದ ಮೇಲೆ ಅವಳು ತಿರುಗದೆಯೇ ಕೇಳಿದಳು, "ಯಾರಾದ್ರೂ ಇದ್ರಾ ಅಲ್ಲಿ?"

ದಾರಿಯುದ್ದಕ್ಕೂ ನಾನು ಯೋಚಿಸಿಕೊಂಡು ಬಂದಿದ್ದೆ. ಇದ್ದ ಎಂದರೆ ಮೀರಾ ಸುಳ್ಳು ಹೇಳಿಲ್ಲ ಎಂದಾಗುತ್ತದೆ. ಮೀರಾ ಅಲ್ಲವಾದರೆ ಹೇಳಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಉಳಿಯುವವಳು ಒಬ್ಬಳೇ. ಗಣಿತದಲ್ಲಿ ನಾನು ಹುಷಾರಿದ್ದೆ.

"ಯಾರೂ ಇರ್ಲಿಲ್ಲ ಅತ್ತೆ" ಎಂದೆ.

"ಸರಿ" ಎಂದಳು.

ಮುಂದಿನ ಮಂಗಳವಾರ ನಮ್ಮ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು. ಗಂಡಿನ ಕಡೆಯವರು ಬಂದಿದ್ದರು. ಹುಡುಗ ಜಬಲ್ಪುರದ ಯಾವುದೋ ಕಾರ್ಖಾನೆಯಲ್ಲಿ ಇಂಜಿನಿಯರು. ಅತ್ತೆ ಅವನ ಕಿವಿಯನ್ನೂ ನೋಡಲಿಲ್ಲ, ಊರು ಎಷ್ಟು ದೂರ ಎಂದೂ ಕೇಳಲಿಲ್ಲ. ಮೂರೂವರೆಯ ಹೊತ್ತಿಗೆ ನಾನು ಗಡಿಯಾರ ನೋಡಿದೆ. ಹೂವಿನ ಅಂಗಡಿಯ ಹತ್ತಿರ ಅವನು ಆಗಲೂ ನಿಂತಿದ್ದನೋ ಏನೋ, ನನಗೆ ಗೊತ್ತಿಲ್ಲ.

ಆಷಾಢಕ್ಕೆ ಮುಂಚೆಯೇ ಮದುವೆ ಮುಗಿಯಿತು. ಪಾತ್ರೆಗಳನ್ನು ಬೇರೆ ಅಂಗಡಿಯಿಂದ ತಂದರು. ಅತ್ತೆ ಹೋದ ವಾರ ಧಾರಾವಾಹಿಯ ಕೊನೆಯ ಕಂತು ಬಂತು. ಅಜ್ಜಿ ನನ್ನನ್ನು ಮಹಡಿಗೆ ಕರೆದಳು. ಮೋಡ ಕಟ್ಟಿತ್ತು, ಸಂಡಿಗೆಯ ಕಾಲ ಮುಗಿದಿತ್ತು.

"ಇದ್ದ ಹಾಗೇ ಓದು" ಎಂದಳು.

ಇದ್ದ ಹಾಗೇ ಓದಿದೆ. ರಾಜಮಾತೆ ಕೋಟೆ ಇಳಿಯಲಿಲ್ಲ. ಹೊನ್ನಲೆಯನ್ನು ದೂರದ ಒಬ್ಬ ಅರಸನಿಗೆ ಕೊಟ್ಟು ಮೇನೆಯಲ್ಲಿ ಕಳಿಸಿದರು. ಯುವರಾಜ ಬ್ರಹ್ಮಚಾರಿಯಾಗಿ ಉಳಿದ. ಓದಿ ಮುಗಿಸಿ ತಲೆ ಎತ್ತಿದರೆ ಅಜ್ಜಿ ಅಳುತ್ತಿದ್ದಳು. "ಪಾಪ, ಆ ಹುಡುಗಿ" ಎಂದಳು. ಅವಳು ನಟಿಸುತ್ತಿರಲಿಲ್ಲ. ಮನಸಾರೆ ಅಳುತ್ತಿದ್ದಳು, ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡು. ನಾನು ಆಮೇಲೆ ಅವಳಿಗೆ ಯಾವ ಕಥೆಯನ್ನೂ ಓದಿ ಹೇಳಲಿಲ್ಲ.

ಅತ್ತೆ ಇಲ್ಲದ್ದರಿಂದ ಆ ಸಲ ಅಮ್ಮನೇ ಆ ಪುಟಗಳನ್ನು ಬೈಂಡಿಗೆ ಕೊಟ್ಟಳು. ಅತ್ತೆಯ ಹಾಳೆಗಳೂ ಆ ಕಟ್ಟಿನೊಳಗೇ ಇದ್ದವು. ಬೈಂಡಿನವನು ವಾರದ ಪ್ರಕಾರ ಎರಡನ್ನೂ ಸೇರಿಸಿ ಹೊಲಿದುಬಿಟ್ಟ. ಕೆಂಪು ರಟ್ಟಿನ ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ಒಂದು ಪುಟದಲ್ಲಿ ಬಾಗಿಲು ಮುಚ್ಚುತ್ತದೆ, ಮುಂದಿನ ದುಂಡು ಅಕ್ಷರದ ಪುಟದಲ್ಲಿ ಅದೇ ಬಾಗಿಲು ತೆರೆಯುತ್ತದೆ. ಕೊನೆಯ ಕಂತಿಗೆ ಬರುವ ಹೊತ್ತಿಗೆ ದುಂಡು ಅಕ್ಷರವೇ ಇಲ್ಲ.

ಈಗ ಆ ವಠಾರವಿಲ್ಲ, ಆ ಜಾಗದಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟು. ಪಾತ್ರೆ ಅಂಗಡಿಯಿದ್ದ ಕಡೆ ಮೊಬೈಲು ಮಾರುತ್ತಾರೆ, ಚನ್ನಬಸವ ಏನಾದನೆಂದು ನಾನು ಯಾರನ್ನೂ ಕೇಳಲಿಲ್ಲ, ಕೇಳುವ ಮುಖವೂ ಇಲ್ಲ. ಅಜ್ಜಿ ಹೋಗಿ ಇಪ್ಪತ್ತು ವರ್ಷವಾಯಿತು. ಸಂಡಿಗೆ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಹಸಿಸಂಡಿಗೆ ಎಲ್ಲೂ ಸಿಗುವುದಿಲ್ಲ. ಇವೆಲ್ಲ ಎಲ್ಲರೂ ಕಳೆದುಕೊಂಡವು, ಇವಕ್ಕಾಗಿ ಕೊರಗುವುದು ಸುಲಭ.

ಅತ್ತೆ ಮೂವತ್ತು ವರ್ಷ ಅಲ್ಲಿ ಇಲ್ಲಿ ಸುತ್ತಿ, ಗಂಡ ಹೋದ ಮೇಲೆ ಬೆಂಗಳೂರಿಗೆ ಬಂದು ಬಿಟಿಎಂ ಲೇಔಟಿನಲ್ಲಿ ಒಂದು ಸಣ್ಣ ಬಾಡಿಗೆ ಮನೆಯಲ್ಲಿದ್ದಾಳೆ. ಸುತ್ತ ಪಿಜಿಗಳು, ಹೋಟೆಲುಗಳು. ಗಂಡ ಕೆಟ್ಟವರೇನೂ ಆಗಿರಲಿಲ್ಲ. ದಿನಕ್ಕೆ ಹತ್ತು ಮಾತು ಆಡುತ್ತಿದ್ದರಂತೆ, ಅದರಲ್ಲಿ ನಾಲ್ಕು ಊಟದ್ದು. ಮಕ್ಕಳಾಗಲಿಲ್ಲ. ಅವಳು ಆಮೇಲೆ ಒಂದು ಹಾಳೆಯನ್ನೂ ಬರೆಯಲಿಲ್ಲ. ಭಾನುವಾರ ನಾನು ಹೋಗುತ್ತೇನೆ, ಕಾಫಿ ಮಾಡಿ ಕೊಡುತ್ತಾಳೆ. ಅವಳು ಕುಡಿಯುವುದು ತಳದಲ್ಲಿ ಸಣ್ಣಗೆ ಹೆಸರು ಕೆತ್ತಿರುವ ಆ ಲೋಟದಲ್ಲಿ. ಅಕ್ಷರ ಸವೆದು ಈಗ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ.

ಹೋದ ಭಾನುವಾರ ಅವಳು ಫೋನು ನೋಡುತ್ತಾ ಕೂತಿದ್ದಳು. ಹಳೇ ಕಚೇರಿಯ ಯಾರೋ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದರು.

"ಮೀರಾ ಹೋಗ್ಬಿಟ್ಲಂತೆ ಕಣೇ. ಹನ್ನೊಂದನೇ ದಿನವೂ ಆಯ್ತಂತೆ."

ನಾನು ಕಾಫಿ ಲೋಟ ಕೆಳಗಿಟ್ಟೆ.

"ಮದುವೆ ದಿನ ಛತ್ರದ ಹೊರಗೆ ಬಂದು ನಿಂತಿದ್ಲು, ಗೊತ್ತಾ? ನಾನೇ ಒಳಗೆ ಕರೀಬೇಡಿ ಅಂದೆ." ಅವಳು ಫೋನನ್ನು ಬೋರಲು ಹಾಕಿಟ್ಟಳು. "ಎಷ್ಟು ವರ್ಷ ಅವಳಿಗೆ ಶಾಪ ಹಾಕಿದೀನೋ. ಆಮೇಲೆ ಸಾಕು ಅನ್ಸ್ತು. ಅವಳು ಮಾಡಿದ್ದನ್ನ ನಾನು ಯಾವತ್ತೋ ಕ್ಷಮಿಸಿಬಿಟ್ಟಿದೀನಿ. ಒಂದ್ಸಲ ಹೇಳ್ಬೇಕಿತ್ತು ಅವಳಿಗೆ. ಅಲ್ವಾ ಪುಟ್ಟಿ?"

ನನಗೆ ನಲವತ್ತಾರು ವರ್ಷ. ಅತ್ತೆ ನನ್ನ ಮುಖವನ್ನೇ ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದಳು.

"ಹ್ಞೂಂ ಅತ್ತೆ" ಎಂದೆ. ಲೋಟ ತೊಳೆದಿಟ್ಟು ಮನೆಗೆ ಬಂದೆ.